ಬಿಡುಗಡೆಯ ಅರ್ಜಿ ಬರೆಸಿದ ಆ ಚಳಿಗಾಲ

ಕಳೆದ ಮಾಘದಲ್ಲಿ ಮಗಳ ಕಾರಿನಲ್ಲಿ ಯಲಹಂಕದಿಂದ ಬರುತ್ತಿದ್ದೆ. ಹೆಬ್ಬಾಳದ ಮೇಲ್ಸೇತುವೆಗೆ ಸ್ವಲ್ಪ ಮೊದಲು ವಾಹನಗಳೆಲ್ಲ ನಿಂತುಬಿಟ್ಟವು. ಉಸಿರು ಕಟ್ಟಿದಂತಾಗಿ ಕಿಟಕಿಯ ಗಾಜು ಇಳಿಸಿದೆ. ರಸ್ತೆಯ ಅಂಚಿನಲ್ಲಿ ಒಬ್ಬಾಕೆ ತಳ್ಳುಗಾಡಿಯ ಮೇಲೆ ಕಪ್ಪು ದ್ರಾಕ್ಷಿ ಹಾಕಿಕೊಂಡು ನಿಂತಿದ್ದಳು. ಬೀಜವಿರುವ, ದಪ್ಪ ಸಿಪ್ಪೆಯ, ಮುಟ್ಟಿದರೆ ಬೆರಳಿಗೆ ಬೂದಿಯಂಥ ಪುಡಿ ಅಂಟುವ ನಮ್ಮ ಕಡೆಯ ಹಳೆಯ ದ್ರಾಕ್ಷಿ ಅದು. ಹೊಗೆ, ಧೂಳು, ಟಾರಿನ ವಾಸನೆಗಳನ್ನೆಲ್ಲ ಪಕ್ಕಕ್ಕೆ ಸರಿಸಿಕೊಂಡು ಅದರ ಗಮಲು ಒಳಗೆ ಬಂತು. ಮಗಳು ಏನೋ ಕೇಳುತ್ತಿದ್ದಳು. ನನಗೆ ಕೇಳಿಸಲಿಲ್ಲ. ನಾನು ಆಗಲೇ ನಮ್ಮ ದ್ರಾಕ್ಷಿ ಚಪ್ಪರದ ಕೆಳಗಿದ್ದೆ.

ನಮ್ಮ ತೋಟ ಹೆಬ್ಬಾಳ ಕೆರೆಯ ಮಗ್ಗುಲಲ್ಲೇ ಇತ್ತು. ಈಗ ಅಲ್ಲಿ ಎದ್ದಿರುವ ಎತ್ತರದ ಮನೆಗಳಲ್ಲಿ ಯಾವುದರ ಕೆಳಗೆ ನಮ್ಮ ಬಾವಿ ಮಲಗಿದೆಯೋ ತಿಳಿಯದು. ಆಳೆತ್ತರದ ಕಲ್ಲುಕಂಬಗಳು, ಅವುಗಳ ಮೇಲೆ ಎಳೆದು ಕಟ್ಟಿದ ತಂತಿ, ತಂತಿಯ ಮೇಲೆ ಹಬ್ಬಿದ ಬಳ್ಳಿ. ಮಧ್ಯಾಹ್ನ ಒಳಗೆ ಹೊಕ್ಕರೆ ಬಿಸಿಲೂ ಹಸಿರಾಗಿ ಕಾಣುತ್ತಿತ್ತು. ಎದುರಿಗೆ ನಿಂತವರ ಮುಖ ನೀರಿನ ತಳದಲ್ಲಿದ್ದಂತೆ ತೋರುತ್ತಿತ್ತು. ಆ ಹಸಿರು ಬೆಳಕಿನಲ್ಲೇ ನನ್ನ ಇಪ್ಪತ್ತೈದನೆಯ ವರ್ಷ ಕಳೆಯಿತು. ದೀಪಾವಳಿಗೆ ಮುಂಚೆ ಬಳ್ಳಿ ಸವರಿದಾಗ ಶುರುವಾದದ್ದು, ಕೊನೆಯ ಕುಕ್ಕೆ ಹಣ್ಣು ರೈಲು ಹತ್ತುವಾಗ ಒಂದು ದಡ ಮುಟ್ಟಿತು. ನನ್ನ ಬಾಳಿನಲ್ಲಿ ನಾನೇ ಮಾಡಿದ್ದು ಎಂದು ಹೇಳಿಕೊಳ್ಳುವಂಥದ್ದೇನಾದರೂ ಇದ್ದರೆ ಅದು ಆ ನಾಲ್ಕೈದು ತಿಂಗಳಲ್ಲಿ ಮಾಡಿದ್ದು.

ನನ್ನ ಹೆಸರು ಹೊಂಬಾಳಮ್ಮ. ನಮ್ಮ ಹಟ್ಟಿಯಲ್ಲಿ ‘ಹ’ ಯಾರ ಬಾಯಿಗೂ ಬರುತ್ತಿರಲಿಲ್ಲವಾದ್ದರಿಂದ ಎಲ್ಲರಿಗೂ ನಾನು ಒಂಬಾಳೆ. ಹದಿನೇಳಕ್ಕೆ ನನ್ನನ್ನು ಮಾಕಳಿಗೆ ಕೊಟ್ಟರು. ಗಂಡನ ಹೆಸರು ಗೋವಿಂದಪ್ಪ. ಎರಡು ವರ್ಷ ಅವರ ಜೊತೆ ಬಾಳಿದೆ ಎನ್ನಬೇಕೋ, ಅವರಿದ್ದ ಮನೆಯಲ್ಲಿ ಇದ್ದೆ ಎನ್ನಬೇಕೋ. ಒಂದು ದಿನವೂ ಗದರಿದವರಲ್ಲ, ಕೈ ಎತ್ತಿದವರಲ್ಲ. ನನ್ನ ಕಾಲಿಗೆ ಮುಳ್ಳು ಚುಚ್ಚಿದರೆ ಬಿಸಿಲಿಗೆ ಕೂರಿಸಿ, ನೋವಾಗದಂತೆ ತೆಗೆಯುತ್ತಿದ್ದರು. ಆದರೆ ಊಟಕ್ಕೆ ಕೂತರೂ, ಹೊಲದಲ್ಲಿ ನಿಂತರೂ, ಬಸ್ಸಿಗೆ ಕಾಯುವವರ ಹಾಗೆ ಕಾಣುತ್ತಿದ್ದರು. ಒಂದು ಬೆಳಿಗ್ಗೆ ನೇಗಿಲನ್ನು ಸಾಲಿನ ನಡುವೆ ನಿಲ್ಲಿಸಿ, ಎತ್ತು ಬಿಚ್ಚಿ, ಮರದ ನೆರಳಿಗೆ ಕಟ್ಟಿ, ಅವಕ್ಕೆ ಹುಲ್ಲು ಹಾಕಿ, ಹೊರಟುಹೋದರು. ಮಾಕಳಿಯಾಚೆ ತುಮಕೂರು ರಸ್ತೆಯಿಂದ ಎರಡು ಮೈಲಿ ಒಳಗೆ ಒಂದು ಚಿಕ್ಕ ಮಠವಿತ್ತು. ಅಲ್ಲಿ ಸೇರಿ ಕಾವಿ ಉಟ್ಟಿದ್ದಾರೆ ಎಂದು ವಾರದ ಮೇಲೆ ತಿಳಿಯಿತು. ಹೋಗಿ ಕರೆತರುತ್ತೇನೆ ಎಂದು ಹೊರಟ ನನ್ನ ಅಪ್ಪ ಮಠದ ಬಾಗಿಲವರೆಗೆ ಹೋಗಿ, ಸಿಟ್ಟಿನಲ್ಲಿ ಹಿಂದಿರುಗಿ ಬಂದು, ಮರುದಿನ ನನ್ನ ಪೆಟ್ಟಿಗೆ ಗಾಡಿಗೆ ಹಾಕಿದ. ಅವ್ವ ಆಗಲೇ ತೀರಿಕೊಂಡಿದ್ದಳು. ತೋಟದ ಮನೆಯಲ್ಲಿ ನಾನು, ಅಪ್ಪ ಇಬ್ಬರೇ.

ಹೀಗೆ ಆರು ವರ್ಷ. ಕೊರಳಲ್ಲಿ ತಾಳಿ ಇತ್ತು. ಮುತ್ತೈದೆಯರ ಸಾಲಿನಲ್ಲಿ ಕರೆದು ಕೂರಿಸಲು ಜನ ಅನುಮಾನಿಸುತ್ತಿದ್ದರು. ಬೇಡ ಎನ್ನಲೂ ಆಗುತ್ತಿರಲಿಲ್ಲ. ಅರಿಶಿನ ಕುಂಕುಮದ ತಟ್ಟೆ ಹಿಡಿದವಳು ನನ್ನ ಮುಂದೆ ಬಂದಾಗ ಅರೆಗಳಿಗೆ ತಡೆಯುತ್ತಿದ್ದಳಲ್ಲ, ಆ ಅರೆಗಳಿಗೆಯಲ್ಲಿ ನಾನು ಬದುಕುತ್ತಿದ್ದೆ.

ಬಳ್ಳಿ ಸವರುವ ದಿನಗಳಲ್ಲೇ ಅಪ್ಪ ಬಾಗಲಗುಂಟೆಯ ಒಬ್ಬರ ಸುದ್ದಿ ತೆಗೆದ. ಹೆಂಡತಿ ತೀರಿಕೊಂಡವರು, ಎರಡು ಮಕ್ಕಳು, ಒಳ್ಳೆ ಜನ. ಕೂಡಿಕೆ ಮಾಡಿಕೊಳ್ಳುತ್ತಾರಂತೆ. ಗಂಡ ಬಿಟ್ಟವಳಿಗೆ, ಗಂಡ ಸತ್ತವಳಿಗೆ ನಮ್ಮವರಲ್ಲಿ ಹಿರಿಯರು ನಾಲ್ಕು ಜನ ಕೂತು ಸೀರೆ ಉಡಿಸಿ ಇನ್ನೊಬ್ಬರ ಜೊತೆ ಕಳಿಸುವ ಪದ್ಧತಿ ಅದು. ತಪ್ಪೇನಿಲ್ಲ. ಆದರೆ ನಮ್ಮ ದೊಡ್ಡಪ್ಪನ ಮನೆಗೆ ಕೂಡಿಕೆಯಾಗಿ ಬಂದಾಕೆಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಮನೆಯಲ್ಲಿ ಯಾರ ಮದುವೆಯಾದರೂ ಆಕೆ ಚಪ್ಪರದ ಹಿಂದೆ ಒರಳಿನ ಮುಂದೆ ಕೂತಿರುತ್ತಿದ್ದಳು. ತಾನೇ ಹೆತ್ತ ಮಗಳ ಮದುವೆಯಲ್ಲೂ ಧಾರೆ ನೋಡಲು ಮುಂದೆ ಬರಲಿಲ್ಲ. ಯಾರೂ ಬರಬೇಡ ಎನ್ನಲಿಲ್ಲ. ಆಕೆಗೇ ಗೊತ್ತಿತ್ತು.

ನಾನು ಅಪ್ಪನಿಗೆ, ಕೋರ್ಟಿನ ಕಾಗದ ಬೇಕು ಎಂದೆ.

ಅದನ್ನು ನಾನು ಓದಿದ್ದು ಹಣ್ಣಿನ ಕುಕ್ಕೆಗೆ ಹಾಸುವ ಹಳೆಯ ಪತ್ರಿಕೆಗಳಲ್ಲಿ. ಹೊಸ ಕಾಯಿದೆ ಬಂದು ಕೆಲವು ವರ್ಷಗಳಾಗಿದ್ದವು. ಹಿಂದೂ ಮದುವೆಯನ್ನೂ ಕೋರ್ಟು ಬಿಡಿಸಬಹುದು, ಬಿಡಿಸಿದ ಮೇಲೆ ಹೆಣ್ಣು ಮತ್ತೆ ಮದುವೆಯಾದರೆ ಅದೂ ಮೊದಲನೆಯದರಷ್ಟೇ ಮದುವೆ ಎಂದು ಒಬ್ಬರು ಬರೆದಿದ್ದರು. ಆ ಹಾಳೆಯನ್ನು ನಾನು ಕುಕ್ಕೆಗೆ ಹಾಸದೆ ಮಡಿಸಿಟ್ಟುಕೊಂಡಿದ್ದೆ. ಊರ ಶಾಲೆಯ ಟೀಚರಮ್ಮನಿಗೆ ತೋರಿಸಿದಾಗ ಆಕೆ ತನಗೆ ಗೊತ್ತಿದ್ದ ಒಬ್ಬ ಲಾಯರ ವಿಳಾಸ ಬರೆದುಕೊಟ್ಟರು. ಆಕೆಯೇ ನನ್ನನ್ನು ಶಿಕ್ಷಕಿಯರ ತರಬೇತಿಗೆ ಸೇರು ಎಂದು ವರ್ಷದಿಂದ ಹೇಳುತ್ತಿದ್ದವರು. ಅಲ್ಲಿಯ ಅರ್ಜಿಯಲ್ಲಿ ಗಂಡನ ಸಹಿಗೆ ಒಂದು ಜಾಗವಿತ್ತು. ಅದರಿಂದಾಗಿ ಅರ್ಜಿ ನನ್ನ ಪೆಟ್ಟಿಗೆಯಲ್ಲೇ ಉಳಿದಿತ್ತು.

ಅಪ್ಪ ಎರಡು ದಿನ ಕತ್ತರಿ ಹಿಡಿದು ಬಳ್ಳಿ ಸವರುತ್ತಲೇ ಇದ್ದ. ಮೂರನೆಯ ದಿನ, ಕತ್ತರಿಸಿದ ಕಡ್ಡಿಗಳ ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದ ಹೊತ್ತಿನಲ್ಲಿ, ನನ್ನ ಕಡೆ ನೋಡದೆ ಹೇಳಿದ: “ಬಾಗಲಗುಂಟೆಯೋರಿಗೆ ವಸಿ ದಿನ ಕಾಯ್ರಿ ಅಂತ ಏಳ್ತೀನಿ. ಲಾಯರ್ ತಾವಕ್ಕೆ ಓಗಿ ಬರಾನ.”

ಲಾಯರ ಕಚೇರಿ ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ನಶ್ಯದ ಕಲೆ ಬಿದ್ದ ಕರಿ ಕೋಟಿನ, ತಾಳ್ಮೆಯ ಮನುಷ್ಯ. ಕೆಳಗೆ ಹಿತ್ತಾಳೆ ಬಡಿಯುವ ಸದ್ದಿನ ನಡುವೆ ನನ್ನ ಕಥೆಯನ್ನೆಲ್ಲ ಕೇಳಿಸಿಕೊಂಡರು. ಗಂಡ ಬಿಟ್ಟುಹೋದ ಎಂದು ದೂರು ಕೊಟ್ಟು ಮೊದಲು ಬೇರೆ ಇರುವ ಅಪ್ಪಣೆ ಪಡೆದು, ಆಮೇಲೆ ಮತ್ತೆ ಕಾದು ಬಿಡುಗಡೆ ಕೇಳುವ ದಾರಿಯೊಂದಿದೆ. ಅದು ಉದ್ದದ ದಾರಿ. ಇನ್ನೊಂದಿದೆ. ಗಂಡ ಲೋಕವನ್ನೇ ತೊರೆದು ಸನ್ಯಾಸಿಯಾದರೆ ಹೆಂಡತಿ ನೇರವಾಗಿ ವಿಚ್ಛೇದನ ಕೇಳಬಹುದು. ಕಾನೂನಿನ ಲೆಕ್ಕದಲ್ಲಿ ಸನ್ಯಾಸಿ ಎಂದರೆ ಮನೆಯವರ ಪಾಲಿಗೆ ಸತ್ತಂತೆ ಎಂದು ವಿವರಿಸಿದರು. ಯಾರನ್ನೂ ದೂರದೆ ಮುಗಿಯುವ ಹಾಗಿದ್ದ ಎರಡನೆಯದು ನನಗೆ ಹಿತವೆನಿಸಿತು.

“ಆದ್ರೆ ಒಂದ್ ವಿಷ್ಯ ನೋಡಮ್ಮ,” ಎಂದರು ಲಾಯರು. “ಕಾವಿ ಬಟ್ಟೆ ಉಟ್ಕೊಂಡ್ರೆ ಸನ್ಯಾಸ ಆಗಲ್ಲ. ವಿಧಿ ಪ್ರಕಾರ ದೀಕ್ಷೆ ಆಗಿರ್ಬೇಕು. ಯಾರು ಕೊಟ್ರು, ಯಾವತ್ತು ಕೊಟ್ರು, ನೋಡಿದೋರು ಯಾರು ಅನ್ನೋದನ್ನ ಬರೆಸ್ಕೊಂಡು ಬನ್ನಿ. ಜೊತೆಗೆ ನಿಮ್ಮ ಮದುವೆ ಲಗ್ನಪತ್ರಿಕೆ.”

ಲಗ್ನಪತ್ರಿಕೆ ನಮ್ಮ ಮನೆಯಲ್ಲಿರಲಿಲ್ಲ. ಇದ್ದರೆ ಮಾಕಳಿಯಲ್ಲಿ, ಅತ್ತೆಯ ಬಳಿ.

ಕಾರ್ತಿಕ ಕಳೆಯುತ್ತಿತ್ತು. ಚಿಗುರು ಹೊರಟು ಎಲೆಗಳು ಅಂಗೈಯಗಲ ಆಗಿದ್ದವು. ಒಂದು ಬೆಳಿಗ್ಗೆ ಅಪ್ಪ ಗಾಡಿ ಕಟ್ಟಿದ. ಕೆರೆಯ ಮೇಲಿಂದ ಎದ್ದ ಮಂಜು ರಸ್ತೆಗೆ ಬಂದು ಮಲಗಿತ್ತು. ಎತ್ತಿನ ಕೊಂಬು ಕಾಣುತ್ತಿತ್ತು, ಅದರಾಚೆ ಏನಿಲ್ಲ. ಯಶವಂತಪುರದ ಹತ್ತಿರ ಎಲ್ಲೋ ಎಂಜಿನ್ನು ಉಸಿರು ಬಿಡುವುದು ಕೇಳಿತು. ರೈಲು ಮಾತ್ರ ಕಾಣಲೇ ಇಲ್ಲ. ಗೊರಗುಂಟೆಪಾಳ್ಯದಲ್ಲಿ ಗುರುತಿನವರ ಮನೆ ಮುಂದೆ ಗಾಡಿ ಬಿಟ್ಟು ತುಮಕೂರು ಕಡೆಯ ಬಸ್ಸು ಹತ್ತಿದೆವು. ನಾನು ಕಂಡ ಕನಸುಗಳಲ್ಲಿ ಎಷ್ಟೋ ಆ ದಿನದ ಹಾದಿಯ ಹಾಗೇ ಇರುತ್ತವೆ: ಬಿಳಿಯೊಳಗಿಂದ ಒಂದು ಹುಣಿಸೆಮರ ಬಂದು, ನಮ್ಮನ್ನು ನೋಡಿ, ಮತ್ತೆ ಬಿಳಿಯೊಳಗೆ ಹೋಗುವುದು.

ಅತ್ತೆ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಆರು ವರ್ಷದಲ್ಲಿ ಬಹಳ ಮುದುಕಿಯಾಗಿದ್ದರು. ಮಗ ಮನೆ ಬಿಟ್ಟದ್ದು ಸೊಸೆಯ ಕಾಲ್ಗುಣದಿಂದ ಎಂದು ಊರಲ್ಲೆಲ್ಲ ಅಂದಿದ್ದರೆಂದು ಕೇಳಿದ್ದೆ. ಅಪ್ಪ ಹೊರಗೇ ನಿಂತ. ನಾನು ಪಕ್ಕದಲ್ಲಿ ಕೂತು ನಾಲ್ಕು ಕಾಯಿ ಸುಲಿದು, ಬಂದ ಕಾರಣ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಕಾಳಿನ ಮೊರ ಕೆಳಗಿಟ್ಟರು.

“ನನ್ ಮಗ ಒಂದ್ ಮಾತು ಏಳ್ದೆ ಓದ,” ಎಂದರು. “ನೀನಾದ್ರೂ ಏಳಿ ಓಗಾಕೆ ಬಂದೆ.”

ಒಳಗೆ ಹೋಗಿ ಪೆಟ್ಟಿಗೆಯಿಂದ ಲಗ್ನಪತ್ರಿಕೆ ತಂದುಕೊಟ್ಟರು. ಅರಿಶಿನ ಹಚ್ಚಿದ ಮೂಲೆಗಳು ಇನ್ನೂ ಹಳದಿಯಾಗಿದ್ದವು. ಮಠಕ್ಕೆ ತಾವು ಒಮ್ಮೆಯೂ ಹೋಗಿಲ್ಲ, ಹೋದರೆ ಕಾಲು ಹಿಡಿದು ಎಳೆದು ತರುತ್ತೇನೇನೋ ಎಂದು ತಮಗೇ ಹೆದರಿಕೆ ಎಂದರು. ನಾವು ಹೊರಡುವಾಗ ನನ್ನ ಸೆರಗಿಗೆ ಎರಡು ಹಿಡಿ ಅವರೆಕಾಳು ಸುರಿದರು.

ಮಠವೆಂದರೆ ಒಂದು ಹೆಂಚಿನ ಮನೆ, ಒಂದು ಬಾವಿ, ಬಂಡೆಯ ಇಳಿಜಾರಿನಲ್ಲಿ ನೆಟ್ಟ ಮಾವಿನ ಸಸಿಗಳು. ಅಪ್ಪ ಆಲದ ಮರದ ಕೆಳಗೇ ಕೂತುಬಿಟ್ಟ. ನಾನು ಒಬ್ಬಳೇ ಹತ್ತಿದೆ. ಕಾವಿ ಪಂಚೆಯನ್ನು ಮೊಣಕಾಲ ಮೇಲೆ ಕಟ್ಟಿಕೊಂಡು ಒಬ್ಬರು ಸಸಿಗಳಿಗೆ ಕೊಡದಲ್ಲಿ ನೀರು ಹೊಯ್ಯುತ್ತಿದ್ದರು. ಗಡ್ಡ ಎದೆಯವರೆಗೆ ಬಂದಿತ್ತು. ತಿರುಗಿ ನೋಡಿದವರೇ, ನಾನು ಪಕ್ಕದ ಮನೆಗೆ ಹೋಗಿ ಬಂದವಳೇನೋ ಎಂಬಂತೆ, “ಯಾವಾಗ್ ಬಂದೆ ಒಂಬಾಳೆ?” ಎಂದರು.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಎಲ್ಲ ಮರೆತುಹೋಯಿತು. ಅವರು ಕೊಡ ಇಟ್ಟು ಸಸಿಗಳನ್ನು ತೋರಿಸತೊಡಗಿದರು. ಇದಕ್ಕೆ ಗೆದ್ದಲು ಹಿಡಿದಿತ್ತು, ಬೂದಿ ಹಾಕಿ ಉಳಿಸಿದೆ. ಇದು ಎರಡು ವರ್ಷ ಮುನಿಸಿಕೊಂಡು ಈಗ ಚಿಗುರಿದೆ. ಇದರ ಕೆಳಗೆ ಒಂದು ಮೊಲ ಮರಿ ಹಾಕಿತ್ತು. ಬಂಡೆಯ ಸಂದಿನಲ್ಲಿ ಮಣ್ಣು ಹೊತ್ತು ತುಂಬಿ ಗುಳಿ ಮಾಡಿದ್ದನ್ನು ಹೇಳಿದರು. ಒಂದು ಗಂಟೆಯಾದರೂ ಮಾತಾಡಿರಬೇಕು. ಬಿಸಿಲು ಎಳೆಯದಾಗಿತ್ತು. ಕೆಳಗೆ ತುಮಕೂರು ರಸ್ತೆಯ ಮೇಲೆ ಮಂಜು ಇನ್ನೂ ಹರಿದಿರಲಿಲ್ಲ. ನಾವಿಬ್ಬರೂ ನೀರ ನಡುವಿನ ದಿಬ್ಬದ ಮೇಲೆ ನಿಂತಂತಿತ್ತು. ಕೊನೆಗೆ ನಾನೇ ಕೇಳಿದೆ, ದೀಕ್ಷೆ ಆಗಿದೆಯೇ ಎಂದು.

ಅವರು ತಲೆ ಅಲ್ಲಾಡಿಸಿದರು. ಆಗಿರಲಿಲ್ಲ. ಬಂದ ವರ್ಷವೇ ಕೇಳಿದ್ದರಂತೆ. ಮದುವೆಯಾದವನಿಗೆ ಹೆಂಡತಿಯ ಒಪ್ಪಿಗೆಯಿಲ್ಲದೆ ಕೊಡುವುದಿಲ್ಲ, ಹೋಗಿ ಕೇಳಿ ಬಾ ಎಂದು ಸ್ವಾಮಿಗಳು ಹೇಳಿದ್ದರಂತೆ. “ನಿನ್ನ ಕೇಳೋ ಮೊಕ ನನಗಿರ್ಲಿಲ್ಲ,” ಎಂದರು. “ಅದುಕ್ಕೆ ನೀರು ಒಯ್ಕಂಡು ಇದ್ದುಬಿಟ್ಟೆ.”

ಆರು ವರ್ಷ ನಾನು ಅವರಿಗಾಗಿ ಅಲ್ಲಿ, ಅವರು ನನಗಾಗಿ ಇಲ್ಲಿ, ಒಂದೇ ಬಾಗಿಲಿನ ಎರಡು ಕಡೆ ಕೂತಿದ್ದೆವು. ನನಗೆ ನಗು ಬಂತೋ ಅಳು ಬಂತೋ ನೆನಪಿಲ್ಲ.

ಆಮೇಲೆ ಅವರು ಹೇಳಿದ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ. ನೆಲ ನೋಡುತ್ತಾ, ಸಣ್ಣ ದನಿಯಲ್ಲಿ ಹೇಳಿದರು: “ಸ್ವಾಮ್ಗಳು ಇನ್ನೊಂದ್ ಮಾತೂ ಏಳವ್ರೆ. ಅವಳು ಬಾ ಅಂದ್ರೆ ನೀನು ಎದ್ದು ಓಗ್ಬೇಕು ಅಂತ. ನೀನು ಕರದ್ರೆ ಬತ್ತೀನಿ ಒಂಬಾಳೆ. ಈವತ್ತೇ ಬತ್ತೀನಿ.”

ನಾನು ಇಳಿದು ಬಂದೆ. ಅಪ್ಪ ಮುಖ ನೋಡಿ ಎದ್ದು ಹೊರಟ. ಬಸ್ಸಿನಲ್ಲಿ ಎಲ್ಲವನ್ನೂ ಹೇಳಿದೆ. ಗೊರಗುಂಟೆಪಾಳ್ಯದಲ್ಲಿ ಇಳಿದು ಗಾಡಿ ಕಟ್ಟುವಾಗ ಅಪ್ಪ, ಕರೆಯಬೇಕೆನಿಸಿದರೆ ಕರೆ, ನಾನು ಒಂದು ಮಾತೂ ಆಡುವುದಿಲ್ಲ ಎಂದ. ಅಳಿಯನ ಹೆಸರೆತ್ತಿದರೆ ಉಗುಳುತ್ತಿದ್ದವನು ಅವನು.

ಮಾರ್ಗಶಿರ, ಪುಷ್ಯ. ಆ ಎರಡು ತಿಂಗಳು ಹೇಗೆ ಕಳೆದವೆಂದು ಹೇಳುವುದು ಕಷ್ಟ. ಕೆರೆಯ ಮಂಜು ದಿನಾ ಚಪ್ಪರದ ಕೆಳಗೆ ಬಂದು ಹತ್ತು ಗಂಟೆಯವರೆಗೆ ಕೂರುತ್ತಿತ್ತು. ತೇವಕ್ಕೆ ಬಳ್ಳಿಗೆ ಬೂಷ್ಟು ಹಿಡಿಯುತ್ತದೆಂದು ಮೈಲುತುತ್ತ, ಸುಣ್ಣ ಕಲಸಿ ಎಲೆಗಳಿಗೆ ಹೊಡೆಯುತ್ತಿದ್ದೆವು. ನನ್ನ ಕೈ, ಸೆರಗು, ರೆಪ್ಪೆಯ ಕೂದಲು ಕೂಡ ತಿಳಿ ನೀಲಿ. ಆ ನೀಲಿಯಲ್ಲಿ, ಆ ಬಿಳಿಯಲ್ಲಿ ನಾನು ಗೋವಿಂದಪ್ಪನವರನ್ನು ಮನೆಗೆ ಕರೆತಂದೆ. ಎಷ್ಟು ಸಲ ಕರೆತಂದೆನೋ. ಗಡ್ಡ ಬೋಳಿಸಿ ಬಿಳಿ ಅಂಗಿ ತೊಡಿಸಿದೆ. ತೋಟದ ಮನೆಯ ಮೂಲೆಯಲ್ಲಿ ಚಾಪೆ ಹಾಸಿದೆ. ಮಕ್ಕಳಾದವು, ಅವು ಚಪ್ಪರದ ಕಂಬ ಸುತ್ತಿ ಆಡಿದವು. ಹೂ ಕಚ್ಚಿ ಸಾಸಿವೆಯಷ್ಟು ಕಾಯಿ ಕಟ್ಟಿದಾಗಲೂ, ಅವು ಬಟಾಣಿಯಷ್ಟಾದಾಗಲೂ ನಾನು ಅದೇ ಸಂಸಾರ ಮಾಡುತ್ತಿದ್ದೆ. ಕರೆದರೆ ಸಾಕಿತ್ತು. ಒಂದೇ ಒಂದು ಶಬ್ದ. ಊರು ಬಾಯಿ ಮುಚ್ಚುತ್ತಿತ್ತು. ಕುಂಕುಮದ ತಟ್ಟೆ ನನ್ನ ಮುಂದೆ ತಡೆಯುತ್ತಿರಲಿಲ್ಲ.

ಆದರೆ ಆ ಸಂಸಾರದಲ್ಲಿ ಒಂದು ಕೊರತೆ ಇತ್ತು. ನನ್ನ ಹಗಲುಗನಸಿನ ಗಂಡ ಮಾತಾಡುತ್ತಲೇ ಇರಲಿಲ್ಲ. ಎಷ್ಟು ಪ್ರಯತ್ನಪಟ್ಟರೂ ಅವರ ಬಾಯಿಂದ ಒಂದು ಮಾತು ಹೊರಡಿಸಲು ನನ್ನಿಂದಾಗಲಿಲ್ಲ. ಒಂದು ದಿನ ಸಂಜೆ ತಂತಿಗೆ ಬಳ್ಳಿ ಕಟ್ಟುತ್ತಾ ನಿಂತಿದ್ದಾಗ ಏಕೆಂದು ಹೊಳೆಯಿತು. ಎರಡು ವರ್ಷದ ಮದುವೆಯಲ್ಲಿ ಅವರು ನನ್ನೊಡನೆ ಆಡಿದ ಮಾತನ್ನೆಲ್ಲ ಸೇರಿಸಿದರೂ ಬಂಡೆಯ ಮೇಲಿನ ಆ ಒಂದು ಗಂಟೆಯಷ್ಟಾಗುತ್ತಿರಲಿಲ್ಲ. ಅಲ್ಲಿ ಅವರು ಬಸ್ಸಿಗೆ ಕಾಯುವವರ ಹಾಗಿರಲಿಲ್ಲ. ಸೇರಬೇಕಾದಲ್ಲಿಗೆ ಸೇರಿದ್ದರು. ನಾನು ಕರೆದರೆ ಬರುವವರು ಆ ಸಸಿಗಳ ಮನುಷ್ಯನಲ್ಲ, ಮೊದಲಿನವರೇ. ಮತ್ತೆ ಎರಡು ವರ್ಷವೋ ಇಪ್ಪತ್ತೋ, ನಾನು ಅವರ ಮೌನಕ್ಕೆ ಬಡಿಸುತ್ತಾ ಕೂರಬೇಕು. ಅದು ತಿಳಿದ ಮೇಲೆ ನನಗೂ ಎಲ್ಲಾದರೂ ಹಾಗೆ ಸೇರಬೇಕೆನಿಸಿತು. ಪೆಟ್ಟಿಗೆಯಲ್ಲಿದ್ದ ತರಬೇತಿಯ ಅರ್ಜಿಯನ್ನು ತೆಗೆದು ಓದಿದೆ. ಅಪ್ಪನಿಗೆ, ಮತ್ತೊಮ್ಮೆ ಮಠಕ್ಕೆ ಹೋಗಬೇಕು ಎಂದೆ.

ಈ ಸಲ ಅತ್ತೆಯೂ ಜೊತೆಗೆ ಬಂದರು. ನಾನೇ ಹೋಗಿ ಕೇಳಿದೆ. ಬರುವುದಿಲ್ಲ ಎಂದವರು, ನಾವು ಬೀದಿ ತಿರುಗುವಷ್ಟರಲ್ಲಿ ಸೀರೆ ಬದಲಿಸಿ ಬುತ್ತಿ ಗಂಟು ಹಿಡಿದು ಓಡಿ ಬಂದರು.

ಸ್ವಾಮಿಗಳಿಗೆ ಕಣ್ಣು ಮಸುಕಾಗಿತ್ತು. ನಾನು ಎದುರಿಗೆ ಕೂತಿದ್ದರೂ ಪಕ್ಕಕ್ಕೆ ನೋಡುತ್ತಾ ಮಾತಾಡಿದರು. ಯಾರ ಒತ್ತಾಯವೂ ಇಲ್ಲವಷ್ಟೆ ಎಂದು ಕೇಳಿದರು. ಸಿಟ್ಟಿನಿಂದ ಒಪ್ಪಿದರೆ ಅದು ಒಪ್ಪಿಗೆಯಲ್ಲ ಎಂದರು. ಕರೆದುಕೊಂಡು ಹೋಗುವ ಹಕ್ಕು ನಿನಗೆ ಇದೆ, ನಾನೇ ಎಬ್ಬಿಸಿ ಕಳಿಸುತ್ತೇನೆ ಎಂದೂ ಹೇಳಿದರು. ಗೋವಿಂದಪ್ಪನವರು ಗೋಡೆಗೊರಗಿ ನಿಂತಿದ್ದರು. ನಾನು ಅವರ ಕಡೆ ತಿರುಗಿದೆ.

“ಕರೆಯಾಕೆ ಬಂದಿಲ್ಲ,” ಎಂದೆ. “ಕಳಿಸ್ಕೊಡಾಕೆ ಬಂದೆ.”

“ಕ್ವಾಪ ಇಲ್ವಾ?” ಎಂದು ಕೇಳಿದರು.

“ಇತ್ತು. ಆರು ವರ್ಸ ಇತ್ತು. ಆವತ್ತು ಆ ಮಾವಿನ ಸಸಿ ತೋರಿಸಿದ್ರಲ್ಲ, ಆವತ್ತಿಂದ ಉಡುಕ್ತಾ ಇದೀನಿ, ಸಿಗ್ತಿಲ್ಲ.”

ಅವರು ಮುಖ ಮುಚ್ಚಿಕೊಂಡು ಅತ್ತರು. ಗಂಡಸು ಅಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅತ್ತೆ ನೋಡಲಾರದೆ ಹೊರಗೆ ಹೋದರು.

ಹತ್ತು ದಿನ ಬಿಟ್ಟು ಒಳ್ಳೆಯ ದಿನ ನೋಡಿ ದೀಕ್ಷೆ ಇಟ್ಟರು. ಆ ಹೊತ್ತಿಗೆ ತೋಟದಲ್ಲಿ ಕಾಯಿ ಬಣ್ಣ ತಿರುಗಲು ಶುರುವಾಗಿತ್ತು. ಒಂದೊಂದು ಗೊಂಚಲಿನಲ್ಲಿ ನಾಲ್ಕು ಕಪ್ಪು, ಆರು ಕೆಂಪು, ಉಳಿದದ್ದು ಹಸಿರು. ಬೆಳಕು ಹರಿಯುವ ಮುಂಚೆ ಬಾವಿಯ ಬಳಿ ಅವರ ಗಡ್ಡ, ತಲೆ ಬೋಳಿಸಿದರು. ಎಳ್ಳುನೀರು ಬಿಟ್ಟು ತಮಗೆ ತಾವೇ ತಿಥಿ ಮಾಡಿಕೊಂಡರು. ಸತ್ತವರಿಗೆ ಇಡುವ ಪಿಂಡವನ್ನು ತಮ್ಮ ಹೆಸರಿಗೆ ತಾವೇ ಇಟ್ಟದ್ದನ್ನು ಕಂಡು ಅತ್ತೆ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡರು. ಸ್ವಾಮಿಗಳು ಕಿವಿಯಲ್ಲಿ ಹೊಸ ಹೆಸರು ಹೇಳಿದರು. ಹೊಗೆ, ಮಂಜು, ಒದ್ದೆ ಕಾವಿ ಬಟ್ಟೆಯ ವಾಸನೆ. ಎಲ್ಲ ಯಾರದೋ ನಿದ್ದೆಯಲ್ಲಿ ನಡೆಯುತ್ತಿರುವಂತಿತ್ತು.

ಆಮೇಲೆ ಹೊಸ ಸನ್ಯಾಸಿ ಮೊದಲ ಭಿಕ್ಷೆ ಎತ್ತಬೇಕಿತ್ತು. ಮೊದಲು ಹೆತ್ತ ತಾಯಿಯ ಮುಂದೆ ಬಂದರು. ಅತ್ತೆ ಬುತ್ತಿಯಿಂದ ರಾಗಿಮುದ್ದೆ ತೆಗೆದು ಮರದ ಪಾತ್ರೆಗೆ ಹಾಕಲು ಬಗ್ಗಿದವರು, ತಡೆದು, ಮುದ್ದೆಯನ್ನು ಎರಡು ಮಾಡಿ ಅರ್ಧವನ್ನು ನನ್ನ ಕೈಗೆ ಕೊಟ್ಟರು. ಇನ್ನರ್ಧವನ್ನು ಪಾತ್ರೆಗೆ ಹಾಕಿದರು. ಸನ್ಯಾಸಿ ನನ್ನ ಮುಂದೆ ಬಂದು ನಿಂತರು. ಬೋಳು ತಲೆಯ ಮೇಲೆ ಬಿಸಿಲು ಬಿದ್ದಿತ್ತು. ಕಣ್ಣು ಎಲ್ಲೂ ತಪ್ಪಿಸಿಕೊಳ್ಳದೆ ನೇರ ನನ್ನನ್ನೇ ನೋಡಿದವು. ಮದುವೆಯ ದಿನ ಕೂಡ ಹಾಗೆ ನೋಡಿರಲಿಲ್ಲ.

“ತಾಯೀ, ಭಿಕ್ಷೆ,” ಎಂದರು.

ನಾನು ಹಾಕಿದೆ. ಕೋರ್ಟು, ಕಾಗದ, ಮೊಹರು ಎಲ್ಲ ಆಮೇಲಿನವು. ನನ್ನ ಮದುವೆ ಮುಗಿದದ್ದು ಆ ಮಾತಿನಲ್ಲಿ. ನೋಯಲಿಲ್ಲ ಎಂದರೆ ಸುಳ್ಳು. ಕಟ್ಟಿದ್ದ ಜಡೆಯನ್ನು ಯಾರೋ ಹಿಂದಿನಿಂದ ನಿಧಾನವಾಗಿ ಬಿಚ್ಚಿದಂತೆ, ನೆತ್ತಿಯಿಂದ ಕೆಳಗಿನವರೆಗೆ ಒಂದು ನೋವು, ಒಂದು ಹಗುರ. ಅಪ್ಪ ದೂರದಲ್ಲಿ ನಿಂತಿದ್ದ. ಸನ್ಯಾಸಿ ಅವನ ಮುಂದೆ ಹಾದು ಹೋಗುವಾಗ ಅವನು ಮೊದಲು ಮುಖ ತಿರುಗಿಸಿದ. ಮತ್ತೆ, ಏನೆನಿಸಿತೋ, ರುಮಾಲು ತೆಗೆದು ಕಂಕುಳಿಗಿಟ್ಟುಕೊಂಡು ಕೈ ಮುಗಿದ.

ಮಠದಿಂದ ಮಾಕಳಿಯ ಮನೆಗೆ ಬಂದಾಗ ಅಲ್ಲಿ ಸೇರಿದ್ದ ನೆಂಟರ ಹೆಂಗಸರು ಗುಸುಗುಸು ಶುರು ಮಾಡಿದರು. ತಿಥಿಯೇ ಆದ ಮೇಲೆ ಇವಳು ಬಳೆ ಒಡೆಯಬೇಕೋ ಬೇಡವೋ ಎಂದು. ಅತ್ತೆ ಅವರನ್ನೆಲ್ಲ ಜಗುಲಿಯಿಂದ ಇಳಿಸಿದರು. ನನ್ನ ಮಗ ಸತ್ತಿಲ್ಲ, ಬೆಟ್ಟದ ಮೇಲೆ ನೀರು ಹೊಯ್ಯುತ್ತಿದ್ದಾನೆ, ಇವಳ ಬಳೆಯ ತಂಟೆಗೆ ಯಾರಾದರೂ ಬಂದರೆ ನೋಡಿ ಎಂದರು. ತಾಳಿಯನ್ನು ಮಾತ್ರ ಅವರೇ ದೇವರ ಮುಂದೆ ಕೂರಿಸಿ ಬಿಚ್ಚಿ, ನನ್ನ ಅಂಗೈಗೆ ಇಟ್ಟು ಬೆರಳು ಮಡಿಸಿದರು. ಕೊನೆಗಾಲದಲ್ಲಿ ಅವರನ್ನು ನೋಡಿಕೊಂಡವಳು ನಾನೇ. ಅದು ಬೇರೆ ಕಥೆಯಾದರೂ ಇಲ್ಲಿ ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ.

ದೀಕ್ಷೆ ಕೊಟ್ಟದ್ದಕ್ಕೆ ಸ್ವಾಮಿಗಳು ಬರೆಸಿಕೊಟ್ಟ ಪತ್ರ, ನೋಡಿದ ಇಬ್ಬರ ಹೆಬ್ಬೆಟ್ಟು, ಲಗ್ನಪತ್ರಿಕೆ. ಮೂರನ್ನೂ ತೆಗೆದುಕೊಂಡು ಮತ್ತೆ ಪಾತ್ರೆ ಅಂಗಡಿಯ ಮಾಳಿಗೆ ಹತ್ತಿದೆವು. ಲಾಯರು ಅರ್ಜಿ ಬರೆದು ಓದಿ ಹೇಳಿದರು. ನಾನು ಒಪ್ಪಿ ಕಳಿಸಿಕೊಟ್ಟ ಸಂಗತಿಯನ್ನೂ ಸೇರಿಸಿ ಎಂದೆ. ಅವರು ನಶ್ಯದ ಡಬ್ಬಿ ಮುಚ್ಚಿ ಯೋಚನೆಗೆ ಬಿದ್ದರು. ಗಂಡ ಹೆಂಡತಿ ಇಬ್ಬರೂ ಮಾತಾಡಿಕೊಂಡು ಬಿಡುಗಡೆಗೆ ಬಂದಿದ್ದಾರೆ ಎಂದು ಜಡ್ಜಿಗೆ ಅನಿಸಿದರೆ ಅರ್ಜಿ ಬಿದ್ದುಹೋಗಬಹುದು ಎಂದರು. ನಾನು ಒಪ್ಪಿದ್ದು ಅವರ ಸನ್ಯಾಸಕ್ಕೆ. ಬಿಡುಗಡೆಯ ಮಾತು ಅವರ ಹತ್ತಿರ ಎತ್ತಿಯೇ ಇಲ್ಲ ಎಂದೆ. ಆಗ ಲಾಯರಿಗೆ ಸಮಾಧಾನವಾಯಿತು. ಇದ್ದದ್ದನ್ನು ಇದ್ದ ಹಾಗೇ ಬರೆದರು. ನಾನು ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಹೆಬ್ಬೆಟ್ಟಿನ ಶಾಯಿ ಮುಂದೆ ಸರಿಸಿದ್ದ ಗುಮಾಸ್ತ ಅದನ್ನು ಹಿಂದಕ್ಕೆ ಎಳೆದುಕೊಂಡ.

ಅರ್ಜಿ ಹಾಕಿ ಬಂದ ವಾರದಲ್ಲೇ ಹಣ್ಣು ಕೊಯ್ಲು. ಬೆಳಗಿನಿಂದ ಸಂಜೆಯವರೆಗೆ ಗೊಂಚಲು ಕತ್ತರಿಸಿ, ಎಲೆ ಹಾಸಿ, ಕುಕ್ಕೆ ತುಂಬಿ ಯಶವಂತಪುರದ ಸ್ಟೇಷನ್ನಿಗೆ ಸಾಗಿಸುವುದು. ಇಡೀ ಹೆಬ್ಬಾಳವೇ ಹಣ್ಣಾದಂತೆ ಗಮಗಮಿಸುತ್ತಿತ್ತು. ಬಾಗಲಗುಂಟೆಯವರು ಕಾಯಲಿಲ್ಲ, ಆ ಶಿವರಾತ್ರಿಗೆ ಬೇರೆ ಕಡೆ ಮಾಡಿಕೊಂಡರು. ನನಗೆ ಬೇಸರವಾಗಲಿಲ್ಲ. ಮುಂದಿನ ವರ್ಷ ನಾನು ತರಬೇತಿಗೆ ಸೇರಿದೆ. ಯಲಹಂಕದ ಶಾಲೆಯಲ್ಲಿ ಪಾಠ ಹೇಳಿದೆ. ಮೂವತ್ತು ದಾಟಿದ ಮೇಲೆ, ಅದೇ ಶಾಲೆಗೆ ಲೆಕ್ಕದ ಮೇಷ್ಟ್ರಾಗಿ ಬಂದವರನ್ನು ಮದುವೆಯಾದೆ. ಅವರು ಬೆಳಗಾದರೆ ಬಾಯಿ ತೆರೆದವರು ಮಲಗುವವರೆಗೂ ಮುಚ್ಚುತ್ತಿರಲಿಲ್ಲ. ಹುಟ್ಟಿದ ಮಗಳ ಮದುವೆಯಲ್ಲಿ ಧಾರೆಯ ನೀರು ಎರೆದವಳು ನಾನೇ.

ಆದರೆ ಆ ಋತು ಎಂದರೆ ನನಗೆ ನೆನಪಾಗುವುದು ಅದರ ಕೊನೆಯ ದಿನ, ವಿಚಾರಣೆಗೆ ಹೋದ ದಿನ. ಕೋರ್ಟಿನ ಉದ್ದನೆಯ ಪಡಸಾಲೆ, ಗಾರೆ ನೆಲ, ಬಾಗಿಲ ಮೇಲಿನ ಬಣ್ಣದ ಗಾಜಿನಿಂದ ಬಿದ್ದ ಕೆಂಪು, ಹಳದಿ ಬಿಸಿಲು. ಬೆಂಚಿನ ಮೇಲೆ ಅಪ್ಪ ನಿದ್ದೆಗೆ ಜಾರಿದ್ದ. ಕೆಂಪು ಪಟ್ಟಿಯ ದಫೇದಾರ ಹೊರಗೆ ಬಂದು, ಪಡಸಾಲೆಯ ಆ ತುದಿಯವರೆಗೂ ಮುಟ್ಟುವಂತೆ, ಗೋವಿಂದಪ್ಪ ಎಂದು ಕೂಗಿದ. ಸ್ವಲ್ಪ ಬಿಟ್ಟು ಮತ್ತೆ ಕೂಗಿದ. ಕೂತಿದ್ದವರೆಲ್ಲ ಯಾರಾದರೂ ಏಳುತ್ತಾರೇನೋ ಎಂದು ಸುತ್ತ ನೋಡಿದರು. ಆ ಹೆಸರಿನವರು ಈಗ ಯಾರೂ ಇಲ್ಲವೆಂದು ನನಗೊಬ್ಬಳಿಗೆ ಗೊತ್ತಿತ್ತು. ಮೂರನೆಯ ಸಲ ಕೂಗಲು ಅವನು ಉಸಿರೆಳೆದುಕೊಳ್ಳುತ್ತಿದ್ದಂತೆ ನಾನು ಎದ್ದು ನಿಂತೆ.

“ಅವರು ಬರಲ್ಲ,” ಎಂದೆ. “ನಾನು ಬಂದಿದೀನಿ.”

ದಫೇದಾರ ನನ್ನನ್ನೊಮ್ಮೆ ನೋಡಿ, ಬಾಗಿಲನ್ನು ಪೂರ್ತಿ ತೆರೆದು ಹಿಡಿದ.